ರಬ್ಬರ್ ಹಾಲಿನಲ್ಲಿ ಕಾರ್ಬನ್ ನ್ಯಾನೊಟ್ಯೂಬ್: ರೇಡಿಯೊ ತರಂಗ ತಡೆಯುವ ಹಾಳೆಯನ್ನು ತಯಾರಿಸುವ ಕ್ರಮ

ಮಲೆನಾಡಿನಲ್ಲಿ ಬಯಲಿಗಿಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಮಳೆಯ ಕಾಟ ಎಷ್ಟೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆಗುಂಬೆಯ ವಾರ್ಷಿಕ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಮಳೆಮಾಪಕದ ಡೇಟಾ ಲಾಗರ್ ಇರಲಿ, ತೋಟದ ಪಂಪಿನ ನಿಯಂತ್ರಕ ಇರಲಿ, ಅದರ ಲೋಹದ ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರಿನ ಗ್ಯಾಸ್ಕೆಟ್ ಕೂರಿಸುವುದನ್ನು ಯಾರೂ ಬಿಡುವುದಿಲ್ಲ. ಆದರೆ ಮಾಮೂಲಿ ರಬ್ಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ, ನೀರಿನ ಮಟ್ಟಿಗೆ ಭದ್ರವಾದ ಆ ಅಂಚು ರೇಡಿಯೊ ತರಂಗದ ಮಟ್ಟಿಗೆ ಉದ್ದನೆಯ ಸೀಳಾಗಿಯೇ ಉಳಿಯುತ್ತದೆ. ಸೀಳಿನ ಅಗಲ ಎಷ್ಟೇ ಕಡಿಮೆಯಿದ್ದರೂ ಅದರ ಉದ್ದ ತರಂಗಾಂತರದ ಅರ್ಧದಷ್ಟಾದರೆ ಅದು ಆಂಟೆನಾದಂತೆಯೇ ವರ್ತಿಸಿ ತರಂಗವನ್ನು ಒಳಗೂ ಹೊರಗೂ ಬಿಡುತ್ತದೆ. ವೈಫೈ ಬಳಸುವ 2.45 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 12.2 ಸೆಂಟಿಮೀಟರ್, ಅಂದರೆ 6 ಸೆಂಟಿಮೀಟರಿನ ಸೀಳು ಸಾಕು. ಇಂತಹ ಸೀಳನ್ನು ತರಂಗಾಂತರದ ಇಪ್ಪತ್ತನೇ ಒಂದು ಭಾಗಕ್ಕೆ, ಎಂದರೆ ಸುಮಾರು 6 ಮಿಲಿಮೀಟರಿಗೆ ಇಳಿಸಬೇಕೆಂಬುದು ವಿನ್ಯಾಸಕಾರರು ಅನುಸರಿಸುವ ನಿಯಮ.

ವಿದ್ಯುತ್ ಹರಿಸುವ ರಬ್ಬರ್ ಹಾಳೆಯೊಂದಿದ್ದರೆ ಆ ಸೀಳು ಮುಚ್ಚುತ್ತದೆ. ಸಾಗರ, ಹೊಸನಗರದ ಕಡೆಯ ರಬ್ಬರ್ ತೋಟಗಳ ಹಾಲಿಗೆ ಬಹುಭಿತ್ತಿ ಕಾರ್ಬನ್ ನ್ಯಾನೊಟ್ಯೂಬನ್ನು (ಕಾರ್ಬನ್ನಿನ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುವ ಅತಿ ಸೂಕ್ಷ್ಮ ಕೊಳವೆ) ಬೆರೆಸಿ ಅಂತಹ ಹಾಳೆಯನ್ನು ಕಾಲೇಜಿನ ಪ್ರಯೋಗಾಲಯದ ಸಲಕರಣೆಗಳಲ್ಲೇ ತಯಾರಿಸುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ. ರಸಾಯನಶಾಸ್ತ್ರ, ಭೌತಶಾಸ್ತ್ರ ಅಥವಾ ಮೆಕ್ಯಾನಿಕಲ್ ವಿಭಾಗದ ಪ್ರಾಜೆಕ್ಟ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದರಿಂದ ಸೂಕ್ಷ್ಮ ತಕ್ಕಡಿ, ಪ್ರೋಬ್ ಸೋನಿಕೇಟರ್ (ಶ್ರವಣಾತೀತ ಕಂಪನದಿಂದ ಪುಡಿಯನ್ನು ದ್ರವದಲ್ಲಿ ಚದುರಿಸುವ ಕಡ್ಡಿ), ಬಿಸಿಗಾಳಿ ಒಲೆ ಮತ್ತು ಚಿಕ್ಕ ಹಾಟ್ ಪ್ರೆಸ್ ಲಭ್ಯವಿವೆಯೆಂದು ಭಾವಿಸಿದ್ದೇನೆ.

ಎಷ್ಟು ತಡೆ ಬೇಕು, ಎಲ್ಲಿ ಬೇಡ

ತಡೆಯನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಹಾಳೆಗೆ ಬಡಿದ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಆಚೆ ಹೋದರೆ 20 ಡೆಸಿಬೆಲ್, ಸಾವಿರದಲ್ಲಿ ಒಂದು ಪಾಲಾದರೆ 30, ಹತ್ತು ಸಾವಿರದಲ್ಲಿ ಒಂದು ಪಾಲಾದರೆ 40. ಸಾಮಾನ್ಯ ಬಳಕೆಯ ಉಪಕರಣಗಳಿಗೆ 20 ಡೆಸಿಬೆಲನ್ನು ಕನಿಷ್ಠವೆಂದು ಪರಿಗಣಿಸುವುದು ರೂಢಿ.

ಕೆಲಸ ಆರಂಭಿಸುವ ಮೊದಲು ಹಾಳೆಗೆ ಎಷ್ಟು ವಾಹಕತೆ ಬೇಕೆಂದು ಲೆಕ್ಕ ಹಾಕಿಕೊಳ್ಳುವುದು ಲೇಸು. ಪ್ಲಾಸ್ಟಿಕ್ ಮತ್ತು ರಬ್ಬರ್ ಸಂಯುಕ್ತಗಳಿಗೆ ಸೈಮನ್ ಸೂತ್ರವೆಂಬ ಅಂದಾಜು ಸೂತ್ರವಿದೆ. ವಾಹಕತೆಯನ್ನು ಸೆಂಟಿಮೀಟರಿಗೆ ಸೀಮೆನ್ಸ್‌ನಲ್ಲಿ, ಆವೃತ್ತಿಯನ್ನು ಮೆಗಾಹರ್ಟ್ಸ್‌ನಲ್ಲಿ, ದಪ್ಪವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಬೇಕು. ವಾಹಕತೆಯನ್ನು ಆವೃತ್ತಿಯಿಂದ ಭಾಗಿಸಿ, ಅದರ ಲಾಗರಿದಮ್ಮನ್ನು ಹತ್ತರಿಂದ ಗುಣಿಸಿ, 50ಕ್ಕೆ ಕೂಡಿಸಬೇಕು, ಅದಕ್ಕೆ 1.7, ದಪ್ಪ, ಮತ್ತು ವಾಹಕತೆ–ಆವೃತ್ತಿಗಳ ಗುಣಲಬ್ಧದ ವರ್ಗಮೂಲ ಈ ಮೂರರ ಗುಣಲಬ್ಧವನ್ನು ಸೇರಿಸಬೇಕು. ಮೊದಲ ಭಾಗ ಪ್ರತಿಫಲನದ್ದು, ಎರಡನೆಯದು ಹೀರಿಕೆಯದ್ದು. 2 ಮಿಲಿಮೀಟರ್ ದಪ್ಪದ ಹಾಳೆಯ ವಾಹಕತೆ ಮೀಟರಿಗೆ 10 ಸೀಮೆನ್ಸ್ (ಸೆಂಟಿಮೀಟರಿಗೆ 0.1) ಇದ್ದರೆ 10 ಗಿಗಾಹರ್ಟ್ಸ್‌ನಲ್ಲಿ ಸುಮಾರು 11 ಡೆಸಿಬೆಲ್ ಮಾತ್ರ ಸಿಗುತ್ತದೆ. 30 ಸೀಮೆನ್ಸ್ ಇದ್ದರೆ 23, 100 ಸೀಮೆನ್ಸ್ ಇದ್ದರೆ 44. ಆದ್ದರಿಂದ ಮೀಟರಿಗೆ 30 ಸೀಮೆನ್ಸ್ ದಾಟುವುದನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ತರಂಗ ಹಾಳೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಆವೃತ್ತಿಯನ್ನು ಅವಲಂಬಿಸಿದೆ. ಮೀಟರಿಗೆ 100 ಸೀಮೆನ್ಸ್ ವಾಹಕತೆಯ ಹಾಳೆಯಲ್ಲಿ ಈ ಆಳದ ಅಳತೆಯಾದ ಸ್ಕಿನ್ ಡೆಪ್ತ್ 10 ಗಿಗಾಹರ್ಟ್ಸ್‌ಗೆ ಅರ್ಧ ಮಿಲಿಮೀಟರ್, ವೈಫೈ ಆವೃತ್ತಿಗೆ 1 ಮಿಲಿಮೀಟರ್. ಅದೇ ಹಾಳೆಯಲ್ಲಿ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ಗೆ ಅದು 6 ಸೆಂಟಿಮೀಟರ್ ಆಗುತ್ತದೆ. ಪಂಪಿನ ಡ್ರೈವ್ ಅಥವಾ ಅಗ್ಗದ ಎಲ್‌ಇಡಿ ಬಲ್ಬಿನ ಗದ್ದಲ ರೇಡಿಯೊದಲ್ಲಿ ಕೇಳಿಸುತ್ತಿದೆಯೆಂದು ಈ ಹಾಳೆಯನ್ನು ಸುತ್ತಿದರೆ ಪ್ರಯೋಜನ ಹೆಚ್ಚೇನೂ ಆಗದು. ಅಲ್ಲಿ ಬೇಕಿರುವುದು ತಂತಿಗೆ ಫೆರೈಟ್ ಮಣಿ ಮತ್ತು ಫಿಲ್ಟರ್. ಸಪಾಟಾದ, ಒಣಗಿರುವ, ಅಲುಗಾಡದ ಜಾಗಕ್ಕೂ ಇದು ಬೇಡ, ತಾಮ್ರದ ಟೇಪು ಅಗ್ಗವೂ ಹೌದು, ಉತ್ತಮವೂ ಹೌದು. ಬಾಗಬೇಕಾದ, ಒತ್ತಿಸಿಕೊಳ್ಳಬೇಕಾದ, ಗಿಗಾಹರ್ಟ್ಸ್ ಆವೃತ್ತಿಯನ್ನು ತಡೆಯಬೇಕಾದ ಜಾಗವೇ ನ್ಯಾನೊಟ್ಯೂಬ್ ರಬ್ಬರಿನ ಜಾಗ.

ಪ್ರಮಾಣಕ್ಕಿಂತ ಜೋಡಣೆ ಮುಖ್ಯ

ಬಹುಭಿತ್ತಿ ನ್ಯಾನೊಟ್ಯೂಬಿನ ವ್ಯಾಸ ಸಾಮಾನ್ಯವಾಗಿ 10ರಿಂದ 20 ನ್ಯಾನೊಮೀಟರ್, ಉದ್ದ ಒಂದರಿಂದ ಹಲವು ಮೈಕ್ರೊಮೀಟರ್. ವ್ಯಾಸದ ನೂರಾರು ಪಟ್ಟು ಉದ್ದವಿರುವ ಕಾರಣ ಸ್ವಲ್ಪ ಪ್ರಮಾಣದಲ್ಲೇ ಅವು ಒಂದನ್ನೊಂದು ತಾಗಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಆ ದಾರಿ ಮೊದಲ ಬಾರಿಗೆ ಕೂಡಿಕೊಳ್ಳುವ ಪ್ರಮಾಣವನ್ನು ಪರ್ಕೊಲೇಷನ್ ಮಿತಿ ಎನ್ನುತ್ತಾರೆ. ಮಲ್ಟಿಮೀಟರಿನ ಮುಳ್ಳು ಅಲುಗಿದ ಕೂಡಲೇ ಹಾಳೆ ಸಿದ್ಧವಾಯಿತೆಂದು ಸಂಭ್ರಮಿಸುವವರಿದ್ದಾರೆ, ಆದರೆ ಪರ್ಕೊಲೇಷನ್ ಮಿತಿಯಲ್ಲಿ ಸಿಗುವ ವಾಹಕತೆ ಸ್ಥಿರವಿದ್ಯುತ್ತಿನ ಕಿಡಿಯನ್ನು ತಪ್ಪಿಸಲಷ್ಟೇ ಸಾಕಾಗುತ್ತದೆ. ತರಂಗವನ್ನು ತಡೆಯಲು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ವಾಹಕತೆ ಬೇಕಾಗುತ್ತದೆ.

ಅಷ್ಟನ್ನು ಪಡೆಯಲು ನ್ಯಾನೊಟ್ಯೂಬನ್ನು ಸುರಿಯುತ್ತಾ ಹೋಗುವುದು ದುಬಾರಿಯ ದಾರಿ. ರಬ್ಬರ್ ಗಡುಸಾಗಿ ಗ್ಯಾಸ್ಕೆಟ್ಟಿನ ಕೆಲಸಕ್ಕೆ ಬಾರದಂತಾಗುತ್ತದೆ. ಒಣ ರಬ್ಬರಿಗೆ ಎರಡು ರೋಲಿನ ಗಿರಣಿಯಲ್ಲಿ ನ್ಯಾನೊಟ್ಯೂಬನ್ನು ನಾದಿದರೆ ಅದು ರಬ್ಬರಿನ ಎಲ್ಲೆಡೆಗೂ ಚದುರಿಹೋಗುತ್ತದೆ, ತುಂಡೂ ಆಗುತ್ತದೆ. ರಬ್ಬರ್ ಹಾಲಿನ ಅನುಕೂಲ ಇರುವುದು ಇಲ್ಲಿಯೇ. ಹಾಲಿನಲ್ಲಿ ರಬ್ಬರ್ ಸುಮಾರು ಒಂದು ಮೈಕ್ರೊಮೀಟರಿನೊಳಗಿನ ದುಂಡು ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನ್ಯಾನೊಟ್ಯೂಬ್ ಆ ಕಣಗಳ ಒಳಗೆ ಹೋಗಲಾರದು. ನೀರು ಆರಿದಾಗ ಅದು ಕಣ ಕಣಗಳ ನಡುವಿನ ಸಂದಿನಲ್ಲಿಯೇ, ಗದ್ದೆಗಳ ನಡುವಿನ ಬದುವಿನಂತೆ, ಒಂದಕ್ಕೊಂದು ಕೂಡಿಕೊಂಡು ಉಳಿಯುತ್ತದೆ. 100 ಗ್ರಾಂ ಒಣ ರಬ್ಬರಿಗೆ 5 ಗ್ರಾಂನಷ್ಟು ನ್ಯಾನೊಟ್ಯೂಬ್ ಹಾಕಿ ಎಕ್ಸ್ ಬ್ಯಾಂಡಿನಲ್ಲಿ (10 ಗಿಗಾಹರ್ಟ್ಸ್‌ನ ಆಸುಪಾಸಿನ ಆವೃತ್ತಿಗಳಲ್ಲಿ) 30 ಡೆಸಿಬೆಲ್ ದಾಟಿದ ಪ್ರಕಟಿತ ಫಲಿತಾಂಶಗಳು ಈ ವಿಧಾನದವು. ಮುಂದಿನ ಪ್ರತಿ ಹಂತದಲ್ಲಿಯೂ ನಾವು ಕಾಪಾಡಬೇಕಾದದ್ದು ಕಣಗಳ ನಡುವಿನ ಈ ಜಾಲವನ್ನು.

ಪುಡಿಯನ್ನು ಮುಟ್ಟುವ ಮೊದಲು

ನ್ಯಾನೊಟ್ಯೂಬ್ ಪುಡಿ ಮಸಿಗಿಂತ ಹಗುರ. ಡಬ್ಬಿಯ ಮುಚ್ಚಳ ತೆಗೆದ ಗಾಳಿಗೇ ಏಳುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಷ್ 2013ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇದರ ಪ್ರಮಾಣ ಘನಮೀಟರಿಗೆ 1 ಮೈಕ್ರೊಗ್ರಾಂ ಮೀರಬಾರದೆಂದು ಶಿಫಾರಸು ಮಾಡಿತು, 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಮ್‌ಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಆಗಿರಬಹುದಾದ 2ಬಿ ಗುಂಪಿಗೆ ಸೇರಿಸಿತು. ಆದ್ದರಿಂದ ತೂಕ ಮಾಡುವುದನ್ನು ಫ್ಯೂಮ್ ಹುಡ್ ಅಥವಾ ಗ್ಲೋವ್ ಬಾಕ್ಸ್ ಒಳಗೆ, ಕೋಣೆಯ ಫ್ಯಾನ್ ನಿಲ್ಲಿಸಿ, ಎನ್95 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮುಖಕವಚ ಮತ್ತು ನೈಟ್ರೈಲ್ ಕೈಗವಸು ಧರಿಸಿ ಮಾಡಬೇಕು. ಎಲ್ಲಕ್ಕಿಂತ ಒಳ್ಳೆಯ ಕಾಪು ನೀರು: ತೂಕವಾದ ತಕ್ಷಣ ಪುಡಿಯನ್ನು ಮುಂದೆ ಹೇಳುವ ಸಾಬೂನು ದ್ರಾವಣದಿಂದ ನೆನೆಸಿಬಿಟ್ಟರೆ ಅದು ಮತ್ತೆ ಹಾರುವುದಿಲ್ಲ. ಚೆಲ್ಲಿದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು.

ಹಾಲು ಮತ್ತು ಮಸಿ

100 ಗ್ರಾಂ ಒಣ ರಬ್ಬರಿನ ಲೆಕ್ಕದಲ್ಲಿ ಹೇಳುತ್ತೇನೆ. ಇದರಿಂದ 15 ಸೆಂಟಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಎರಡು ಹಾಳೆಗಳು ಬರುತ್ತವೆ. ಅಮೋನಿಯ ಹಾಕಿ ಸಾಂದ್ರಗೊಳಿಸಿದ ಶೇ 60ರ ಹಾಲಾದರೆ 167 ಗ್ರಾಂ ಬೇಕು. ತೋಟದಿಂದ ನೇರವಾಗಿ ತಂದ ಹಾಲಿನಲ್ಲಿ ಒಣ ರಬ್ಬರ್ ಸಾಮಾನ್ಯವಾಗಿ ಶೇ 30ರಿಂದ 35 ಇರುತ್ತದೆ, ಮರ, ತಿಂಗಳು, ಮಳೆಯ ಮೇಲೆ ಬದಲಾಗುತ್ತದೆ. ಎರಡು ಗ್ರಾಂನಷ್ಟು ಹಾಲನ್ನು ಗಾಜಿನ ತಟ್ಟೆಯಲ್ಲಿ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಆರಿಸಿ ತೂಗಿ ಲೆಕ್ಕ ಹಾಕದೆ ಮುಂದುವರಿಯಬಾರದು. ಮೊದಲ ಪ್ರಯತ್ನಕ್ಕೆ ಸಾಂದ್ರ ಹಾಲೇ ಒಳ್ಳೆಯದು, ಏಕೆಂದರೆ ತೋಟದ ಹಾಲಿನಲ್ಲಿ ಪ್ರೋಟೀನು, ಸಕ್ಕರೆಗಳು ಹೆಚ್ಚಿದ್ದು ಒಂದು ಸಲದ ಫಲಿತಾಂಶ ಇನ್ನೊಂದು ಸಲ ಬರುವುದಿಲ್ಲ.

ಹಾಲಿಗೆ ಗಂಧಕ 1.5 ಗ್ರಾಂ, ಝಿಂಕ್ ಆಕ್ಸೈಡ್ 1 ಗ್ರಾಂ, ಝಡ್‌ಡಿಇಸಿ ಎಂಬ ವೇಗವರ್ಧಕ 1 ಗ್ರಾಂ ಸೇರಿಸಬೇಕು. ಇವು ಒಣ ಪುಡಿಯಾಗಿ ಬೀಳಬಾರದು. ಬಾಲ್ ಮಿಲ್ಲಿನಲ್ಲಿ ನೀರಿನೊಡನೆ ನುಣ್ಣಗೆ ಅರೆದ ರೂಪದಲ್ಲಿ ಇರಬೇಕು. ಅನಂತರ ಹಾಲನ್ನು 60 ಡಿಗ್ರಿಯ ನೀರಿನ ಬೋಗುಣಿಯಲ್ಲಿ ಎರಡು ಮೂರು ಗಂಟೆ ನಿಧಾನವಾಗಿ ಕಲಕುತ್ತಿದ್ದರೆ ಕಣಗಳ ಒಳಗಡೆ ಅರೆ ವಲ್ಕನೀಕರಣವಾಗುತ್ತದೆ, ಎಂದರೆ ಗಂಧಕ ರಬ್ಬರಿನ ಅಣುಸರಪಳಿಗಳನ್ನು ಭಾಗಶಃ ಹೆಣೆಯುತ್ತದೆ. ಕಣಗಳು ಸ್ವಲ್ಪ ಬಿಗಿಯಾದರೆ ಮುಂದೆ ಒತ್ತಡದಲ್ಲಿ ನ್ಯಾನೊಟ್ಯೂಬ್ ಅವುಗಳೊಳಕ್ಕೆ ನುಗ್ಗುವುದು ತಪ್ಪುತ್ತದೆ. ಪೂರ್ತಿ ಬಿಗಿಯಾದರೆ ಪ್ರೆಸ್ಸಿನಲ್ಲಿ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಈ ಹದ ಅನುಭವದಿಂದಲೇ ಬರುವಂಥದು.

ಇನ್ನು ನ್ಯಾನೊಟ್ಯೂಬ್. 5 ಗ್ರಾಂ ಪುಡಿಯನ್ನು 5 ಗ್ರಾಂ ಸೋಡಿಯಂ ಡೋಡೆಸೈಲ್ ಬೆಂಜೀನ್ ಸಲ್ಫೊನೇಟ್ ಕರಗಿಸಿದ 490 ಗ್ರಾಂ ಶುದ್ಧೀಕರಿಸಿದ ನೀರಿಗೆ ಸೇರಿಸಬೇಕು. ಈ ಸಲ್ಫೊನೇಟ್ ಸಾಬೂನು ಬಟ್ಟೆ ಸೋಪಿನ ಪುಡಿಯ ಮುಖ್ಯ ಅಂಶವೇ ಹೌದಾದರೂ ಅಂಗಡಿಯ ಸೋಪಿನ ಪುಡಿಯನ್ನು ಹಾಕಿದರೆ ಅದರಲ್ಲಿರುವ ಸೋಡಾ, ಲವಣಗಳಿಂದ ಹಾಲು ಕೆಡುತ್ತದೆ. ಧನ ಆವೇಶದ ಸಾಬೂನುಗಳಾದ ಸಿಟಿಎಬಿ ಮುಂತಾದವಂತೂ ಬೇಡವೇ ಬೇಡ. ರಬ್ಬರ್ ಕಣಗಳ ಮೇಲಿನ ಆವೇಶ ಋಣವಾದ್ದರಿಂದ ಅವು ತಾಗಿದ ಕ್ಷಣವೇ ಹಾಲು ಒಡೆಯುತ್ತದೆ. ದ್ರಾವಣವನ್ನು 100 ಮಿಲಿಲೀಟರಿನ ಪಾಲುಗಳಾಗಿ ಮಾಡಿ, ಬೀಕರನ್ನು ಮಂಜುಗಡ್ಡೆಯಲ್ಲಿಟ್ಟು, ಐದು ಸೆಕೆಂಡ್ ನಡೆಸಿ ಐದು ಸೆಕೆಂಡ್ ನಿಲ್ಲಿಸುವ ಕ್ರಮದಲ್ಲಿ 20ರಿಂದ 30 ನಿಮಿಷ ಪ್ರೋಬ್ ಸೋನಿಕೇಟರ್ ಹಿಡಿಯಬೇಕು. ಇನ್ನೂ ಚೆನ್ನಾಗಿರಲೆಂದು ಗಂಟೆಗಟ್ಟಲೆ ನಡೆಸಿದರೆ ಟ್ಯೂಬುಗಳು ತುಂಡಾಗಿ ಉದ್ದದ ಲಾಭವೇ ಹೋಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಕುದಿಸಿ ಮೇಲ್ಮೈಯನ್ನು ಮಾರ್ಪಡಿಸುವ ವಿಧಾನವನ್ನು ಹಲವು ಪ್ರಬಂಧಗಳಲ್ಲಿ ಕಾಣಬಹುದು. ಬಲ ಹೆಚ್ಚಬೇಕಾದ ಕಡೆ ಅದು ಸರಿ. ವಾಹಕತೆ ಬೇಕಾದ ಕಡೆ ಟ್ಯೂಬಿನ ಭಿತ್ತಿಯನ್ನೇ ಕೆಡಿಸುವ ಆ ಉಪಚಾರ ನನ್ನ ದೃಷ್ಟಿಯಲ್ಲಿ ವ್ಯರ್ಥ.

ಚದುರುವಿಕೆ ಸರಿಯಾಗಿದೆಯೆ ಎಂದು ನೋಡಲು ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ, ಇನ್ನೊಂದು ಸ್ಲೈಡಿನಿಂದ ಒತ್ತಿ ಬೆಳಕಿಗೆ ಹಿಡಿಯಬೇಕು. ಸಮನಾದ ಕಂದು ಮಬ್ಬು ಕಂಡರೆ ಸರಿ. ನಡುವೆ ಕರಿ ಚುಕ್ಕೆಗಳು ಕಂಡರೆ ಗಂಟುಗಳಿವೆಯೆಂದು ಅರ್ಥ. ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಬೀಕರನ್ನು ಓರೆ ಮಾಡಿದಾಗ ತಳದಲ್ಲಿ ಕೆಸರು ಜಾರಬಾರದು.

ಬೆರೆಸುವುದು, ಹೆಪ್ಪುಗಟ್ಟಿಸುವುದು

ನ್ಯಾನೊಟ್ಯೂಬ್ ದ್ರಾವಣದ ಪಿಎಚ್ ಅನ್ನು ಕೆಲವು ಹನಿ ಅಮೋನಿಯದಿಂದ 10ರ ಆಸುಪಾಸಿಗೆ ತಂದು, ತಣಿದ ಹಾಲಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ನೊರೆಯೇಳದಂತೆ ಕಲಕಬೇಕು. ಮಿಕ್ಸರಿನ ವೇಗ ಇಲ್ಲಿ ಶತ್ರು; ಬಿರುಸಾಗಿ ಕಡೆದರೆ ಹಾಲು ಬ್ಲೇಡಿಗೇ ಗಟ್ಟಿಯಾಗಿ ಸುತ್ತಿಕೊಳ್ಳುತ್ತದೆ.

ಶೀಟು ಮಾಡುವ ಬೆಳೆಗಾರರು ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಹೆಪ್ಪುಗಟ್ಟಿಸುತ್ತಾರೆ. ನಮ್ಮ ಮಿಶ್ರಣಕ್ಕೆ ಆಸಿಡ್ ಒಂದೇ ಸಾಲದು. ಹಾಲಿನ ಸಹಜ ಸಾಬೂನುಗಳು ಆಮ್ಲದಿಂದ ಬಲ ಕಳೆದುಕೊಂಡರೂ ನಾವು ಹಾಕಿದ ಸಲ್ಫೊನೇಟ್ ಆಮ್ಲಕ್ಕೆ ಜಗ್ಗುವುದಿಲ್ಲ. ಅದು ಕಣಗಳನ್ನು ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ಶೇ 2ರ ಫಾರ್ಮಿಕ್ ಆಮ್ಲದಿಂದ ಪಿಎಚ್ 5ರ ಸಮೀಪಕ್ಕೆ ಇಳಿಸಿದ ಮೇಲೆ ಶೇ 5ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕ್ಯಾಲ್ಸಿಯಂ ಸಲ್ಫೊನೇಟನ್ನು ಕಟ್ಟಿಹಾಕುತ್ತಿದ್ದಂತೆ ಕರಿಯ ಹಾಲಿನಲ್ಲಿ ಮೊದಲು ರವೆಯಂಥ ಕಾಳು ಕಾಣಿಸುತ್ತದೆ, ಅನಂತರ ಕಾಳುಗಳು ಕೂಡಿ ಮೇಲೇಳುತ್ತವೆ. ಕೆಳಗಿನ ನೀರನ್ನು ಗಮನಿಸಿ. ಅದು ತಿಳಿಯಾಗಿದ್ದರೆ ನ್ಯಾನೊಟ್ಯೂಬೆಲ್ಲ ರಬ್ಬರಿನ ಜೊತೆಗೇ ಬಂದಿದೆ. ಬೂದು ಬಣ್ಣವಿದ್ದರೆ ಕ್ಯಾಲ್ಸಿಯಂ ಇನ್ನೂ ಬೇಕು. ಬೂದು ನೀರನ್ನು ಚೆಲ್ಲಿ ಮುಂದೆ ಹೋದವರ ಹಾಳೆಯಲ್ಲಿ 5 ಗ್ರಾಂ ನ್ಯಾನೊಟ್ಯೂಬ್ ಇರುವುದಿಲ್ಲ, ಎಷ್ಟಿದೆಯೆಂಬುದೂ ತಿಳಿಯುವುದಿಲ್ಲ.

ಹೆಪ್ಪನ್ನು ಜಾಲರಿಯಲ್ಲಿ ಸೋಸಿ ಬೆಚ್ಚಗಿನ ನೀರಿನಲ್ಲಿ ನಾಲ್ಕೈದು ಬಾರಿ, ಕೊನೆಗೊಮ್ಮೆ ಎಥನಾಲಿನಲ್ಲಿ ತೊಳೆಯಬೇಕು. ಉಳಿದ ಸಾಬೂನು ಟ್ಯೂಬು ಟ್ಯೂಬುಗಳ ನಡುವೆ ತೆಳು ಪೊರೆಯಾಗಿ ಕುಳಿತು ವಿದ್ಯುತ್ತನ್ನು ತಡೆಯುತ್ತದೆ, ಹಾಗೂ ಮಳೆಗಾಲದಲ್ಲಿ ತೇವ ಹೀರುತ್ತದೆ. ನೀರು ಹಿಂಡಲು ಶೀಟಿನ ಕೈ ರೋಲರಿನಲ್ಲಿ ಒಮ್ಮೆ ಹಾಯಿಸಿದರೆ ಅಡ್ಡಿಯಿಲ್ಲ. ಎರಡು ರೋಲುಗಳು ಬೇರೆ ಬೇರೆ ವೇಗದಲ್ಲಿ ತಿರುಗುವ ಗಿರಣಿಗೆ ಮಾತ್ರ ಕೊಡಬಾರದು, ಅಲ್ಲಿ ಸಂದಿನ ಜಾಲವೆಲ್ಲ ಹರಿದುಹೋಗುತ್ತದೆ. ಆ ರೋಲರೂ ಪ್ರಯೋಗಾಲಯದ್ದೇ ಆಗಿರಲಿ. ಪಕ್ಕದ ತೋಟದವರ ರೋಲರನ್ನೊ ಹೊಗೆಮನೆಯನ್ನೊ ಕೇಳಿ ಬಳಸಿದರೆ ಅವರ ಮುಂದಿನ ಶೀಟುಗಳಿಗೆ ಕರಿ ಅಂಟಿ ದರ್ಜೆಯೇ ಬೀಳುತ್ತದೆ.

ಒಣಗಿಸುವುದು ಮಲೆನಾಡಿನಲ್ಲಿ ಅತ್ಯಂತ ಕಠಿಣವಾದ ಹಂತ. ಮಾಮೂಲಿ ರಬ್ಬರ್ ಶೀಟು ಒಣಗುತ್ತಿದ್ದಂತೆ ಬಿಳುಪು ಹೋಗಿ ಜೇನು ಬಣ್ಣಕ್ಕೆ ತಿರುಗುವುದರಿಂದ ಒಳಗೆ ನೀರಿದೆಯೇ ಎಂದು ಕಣ್ಣಿಗೇ ತಿಳಿಯುತ್ತದೆ. ನಮ್ಮ ಕರಿ ಹೆಪ್ಪಿನಲ್ಲಿ ಆ ಗುರುತು ಇಲ್ಲ. ಆಷಾಢದ ಗಾಳಿಗೆ ನೇತುಹಾಕಿದರೆ ಮೇಲ್ಮೈ ಒಣಗಿ ಒಳಗಿನ ನೀರು ಹಾಗೆಯೇ ಉಳಿಯುತ್ತದೆ, ಬೂಷ್ಟೂ ಹಿಡಿಯುತ್ತದೆ. ಕಾಳನ್ನು ತೆಳ್ಳಗೆ ಹರಡಿ 60 ಡಿಗ್ರಿಯ ಒಲೆಯಲ್ಲಿಟ್ಟು, ಒಂದು ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಮಾತ್ರ ಒಣಗಿದೆಯೆಂದು ತಿಳಿಯಬೇಕು. ಅನಂತರ 2 ಮಿಲಿಮೀಟರ್ ಆಳದ ಉಕ್ಕಿನ ಚೌಕಟ್ಟಿನಲ್ಲಿ ತುಂಬಿ, 145 ಡಿಗ್ರಿಯಲ್ಲಿ 15 ನಿಮಿಷ ಒತ್ತಿ, ಒತ್ತಡ ಬಿಡುವ ಮೊದಲು ತಣಿಯಗೊಡಬೇಕು. ನೀರು ಉಳಿದಿದ್ದರೆ ಹಾಳೆಯನ್ನು ಬಿಡಿಸಿದಾಗ ಗುಳ್ಳೆಗಳು ಅದನ್ನು ಸಾರಿ ಹೇಳುತ್ತವೆ.

ಅಳೆಯುವುದು

ಮೊದಲು ನೇರವಿದ್ಯುತ್ತಿನ ವಾಹಕತೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ರಬ್ಬರಿಗೆ ಚುಚ್ಚಿ ಪಡೆದ ರೋಧದಲ್ಲಿ ಸಂಪರ್ಕದ ರೋಧವೇ ಹೆಚ್ಚಿರುತ್ತದೆ. ಹಾಳೆಯಿಂದ ಪಟ್ಟಿ ಕತ್ತರಿಸಿ, ಬೆಳ್ಳಿ ಪೇಂಟಿನಿಂದ ನಾಲ್ಕು ಗೆರೆ ಎಳೆದು, ಹೊರಗಿನ ಎರಡರಲ್ಲಿ ವಿದ್ಯುತ್ ಹರಿಸಿ ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವ ನಾಲ್ಕು ಬಿಂದುಗಳ ವಿಧಾನವೇ ಸರಿ.

ತಡೆಯನ್ನು ಅಳೆಯಲು, ತರಂಗವನ್ನು ಕಳಿಸಿ ಹಿಂದಿರುಗಿದ್ದನ್ನೂ ದಾಟಿದ್ದನ್ನೂ ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಬೇಕು. ಎಕ್ಸ್ ಬ್ಯಾಂಡಿಗೆ, ಎಂದರೆ 8.2ರಿಂದ 12.4 ಗಿಗಾಹರ್ಟ್ಸ್‌ಗೆ, ಡಬ್ಲ್ಯುಆರ್-90 ವೇವ್‌ಗೈಡ್ (ತರಂಗವನ್ನು ಸಾಗಿಸುವ ಟೊಳ್ಳು ಲೋಹದ ಕೊಳವೆ) ಬಳಸುತ್ತಾರೆ. ಅದರ ಕಿಂಡಿ 22.86 ಮತ್ತು 10.16 ಮಿಲಿಮೀಟರ್. 30 ಮೆಗಾಹರ್ಟ್ಸ್‌ನಿಂದ 1.5 ಗಿಗಾಹರ್ಟ್ಸ್‌ವರೆಗೆ ಎಎಸ್‌ಟಿಎಂ ಡಿ4935 ಎಂಬ ಕೊಏಕ್ಸಿಯಲ್ ಹೋಲ್ಡರಿನ ವಿಧಾನವಿದೆ. ಈ ಉಪಕರಣ ಹತ್ತಿರದಲ್ಲಿ ಇಲ್ಲದಿದ್ದರೆ ಚೆನ್ನೈನ ಸಮೀರ್ ಸಂಸ್ಥೆಯಂತಹ ವಿದ್ಯುತ್ಕಾಂತೀಯ ಪರೀಕ್ಷಾ ಕೇಂದ್ರಗಳಿಗೆ ಮಾದರಿಗಳನ್ನು ಒಯ್ಯಬಹುದು. ಮಾದರಿಯನ್ನು ಕಿಂಡಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿದರೆ ರಬ್ಬರ್ ಒತ್ತಿ ಕೂರುತ್ತದೆ. ಸಂದಿಯಿದ್ದರೆ ನಾವು ಅಳೆಯುವುದು ಸಂದಿಯನ್ನೇ. ಮೊದಲು ತಾಮ್ರದ ತಗಡನ್ನು ಇಟ್ಟು ಉಪಕರಣ ಎಷ್ಟು ಡೆಸಿಬೆಲ್‌ವರೆಗೆ ಕಾಣಬಲ್ಲದು ಎಂಬುದನ್ನೂ ಬರೆದುಕೊಳ್ಳಬೇಕು.

ಫಲಿತಾಂಶವನ್ನು ಬರೆಯುವಾಗ ಬಹಳ ಮಂದಿ ಎಡವುವುದು ಇಲ್ಲಿ. ಹಾಳೆಗೆ ಬಡಿದ ಶಕ್ತಿಯಲ್ಲಿ ಶೇ 80 ಹಿಂದಿರುಗಿ, ಹತ್ತು ಸಾವಿರದಲ್ಲಿ ಒಂದು ಪಾಲು ಆಚೆ ಹೋಯಿತೆನ್ನೋಣ. ರೂಢಿಯ ಸೂತ್ರದ ಪ್ರಕಾರ ಪ್ರತಿಫಲನದ ಪಾಲು 7 ಡೆಸಿಬೆಲ್, ಹೀರಿಕೆಯ ಪಾಲು 33 ಡೆಸಿಬೆಲ್, ಒಟ್ಟು 40. ಇದನ್ನು ನೋಡಿ 'ಹೀರಿಕೆಯೇ ಪ್ರಧಾನವಾದ ಹಾಳೆ' ಎಂದು ಬರೆಯುವುದು ಪ್ರಬಂಧಗಳಲ್ಲಿ ಸಾಮಾನ್ಯವಾಗಿದೆ. ಆದರೆ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಮೇಲ್ಮೈಯಿಂದಲೇ ಹಿಂದಿರುಗಿತು. ಹೀರಿಕೆಯ ಡೆಸಿಬೆಲ್ ಒಳಹೊಕ್ಕ ಒಂದು ಪಾಲಿನ ಲೆಕ್ಕ ಮಾತ್ರ. ಆದ್ದರಿಂದ ಡೆಸಿಬೆಲ್ ಜೊತೆಗೆ ಹಿಂದಿರುಗಿದ್ದು, ಹೀರಿದ್ದು, ದಾಟಿದ್ದು ಎಂಬ ಮೂರರ ಶೇಕಡಾವಾರನ್ನೂ ಹಾಳೆಯ ದಪ್ಪವನ್ನೂ ಬರೆಯಬೇಕು. ದಪ್ಪ ಹೇಳದ ಡೆಸಿಬೆಲ್ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ.

ಪೆಟ್ಟಿಗೆಗೆ ಕೂರಿಸುವುದು

ಹಾಳೆಯಿಂದ ಗ್ಯಾಸ್ಕೆಟ್ ಕತ್ತರಿಸಿ ಅಲ್ಯೂಮಿನಿಯಂ ಪೆಟ್ಟಿಗೆಯ ಅಂಚಿಗೆ ನೇರವಾಗಿ ಕೂರಿಸಿದರೆ ಒಂದೆರಡು ಮಳೆಗಾಲದೊಳಗೆ ಅಂಚು ಬಿಳಿ ಪುಡಿಯಾಗಿ ತಿಂದುಹೋಗುವ ಅಪಾಯವಿದೆ. ವಿದ್ಯುದ್ರಾಸಾಯನಿಕವಾಗಿ ಕಾರ್ಬನ್ ಅಲ್ಯೂಮಿನಿಯಂಗಿಂತ ಬಹಳ ಮೇಲಿನದು; ಎರಡರ ನಡುವೆ ತೇವ ನಿಂತರೆ ಸವೆಯುವುದು ಅಲ್ಯೂಮಿನಿಯಂ. ಅದಕ್ಕಾಗಿ ಎರಡು ಗ್ಯಾಸ್ಕೆಟ್ ಕೂರಿಸಬೇಕು: ಹೊರಗಡೆ ಮಳೆಯನ್ನೂ ಬಿಸಿಲನ್ನೂ ತಡೆಯಲು ಇಪಿಡಿಎಂ ಎಂಬ ಮಾಮೂಲಿ ಕೃತಕ ರಬ್ಬರ್, ಒಳಗಡೆ ತರಂಗಕ್ಕೆ ನಮ್ಮ ಕರಿ ಪಟ್ಟಿ. ನೈಸರ್ಗಿಕ ರಬ್ಬರ್ ಬಿಸಿಲು ಮತ್ತು ಓಝೋನಿಗೆ ಬಿರುಕು ಬಿಡುವಂಥದಾದ್ದರಿಂದಲೂ ಈ ವ್ಯವಸ್ಥೆ ಬೇಕು. ಪಟ್ಟಿ ತಾಗುವ ಅಂಚು ಸ್ಟೇನ್‌ಲೆಸ್ ಉಕ್ಕು ಅಥವಾ ನಿಕಲ್ ಲೇಪಿತವಾಗಿದ್ದರೆ ಇನ್ನೂ ಒಳ್ಳೆಯದು. ಆನೊಡೈಸ್ ಆದ ಅಥವಾ ಪೌಡರ್ ಕೋಟಿಂಗ್ ಆದ ಅಂಚು ವಿದ್ಯುತ್ ಹರಿಸದು. ಪಟ್ಟಿ ಕೂರುವಷ್ಟು ಜಾಗದಲ್ಲಿ ಅದನ್ನು ಕೆರೆದು ತೆಗೆಯಬೇಕು.

ಮುಚ್ಚಳ ಬಿಗಿದಾಗ ಪಟ್ಟಿ ತನ್ನ ದಪ್ಪದ ಶೇ 15ರಿಂದ 25ರಷ್ಟು ತಗ್ಗುವಂತೆ ಅಂಚಿನಲ್ಲಿ ತೋಡು ಇರಲಿ, ತಿರುಪುಗಳ ನಡುವಿನ ಅಂತರ ಮುಚ್ಚಳ ಬಾಗದಷ್ಟು ಹತ್ತಿರವಿರಲಿ. ಪಟ್ಟಿಯನ್ನು ಎಳೆದು ಕೂರಿಸಬಾರದು, ಎಳೆತದಲ್ಲಿ ಟ್ಯೂಬುಗಳ ಸಂಪರ್ಕ ಬಿಟ್ಟು ವಾಹಕತೆ ಇಳಿಯುತ್ತದೆ. ಮುಚ್ಚಳದಿಂದ ಪೆಟ್ಟಿಗೆಗೆ ಇರುವ ರೋಧವನ್ನು, ಲೋಹದ ತಿರುಪುಗಳು ಎರಡನ್ನೂ ಕೂಡಿಸುತ್ತವಾದ್ದರಿಂದ ಅವನ್ನು ತೆಗೆದು ಕ್ಲಾಂಪಿನಿಂದ ಅಷ್ಟೇ ಒತ್ತಿ, ಕೂರಿಸಿದ ದಿನ ಒಮ್ಮೆ ಅಳೆದು ಮುಚ್ಚಳದ ಒಳಮೈ ಮೇಲೆ ಬರೆದಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಅದೇ ರೀತಿ ಅಳೆದಾಗ ಅದು ಹಲವು ಪಟ್ಟು ಏರಿದ್ದರೆ ಪಟ್ಟಿ ಬದಲಿಸುವ ಮೊದಲು ಅಂಚಿನಲ್ಲಿ ಬಿಳಿ ಪುಡಿಯಿದೆಯೇ ಎಂದು ನೋಡಬೇಕು.